ಪಾಸ್‌ಬುಕ್‌ನಲ್ಲಿ 436 ರೂ. ಕಟ್ ಆಗಿದ್ಯಾಕೆ? ಒಂದ್ಸಲ ಸೈನ್ ಹಾಕಿದ್ರೆ ನಡೀತಾನೇ ಇರೋ ‘ಸ್ಟ್ಯಾಂಡಿಂಗ್ ಆರ್ಡರ್’ ಅಂದ್ರೆ ಇದು

ಜೂನ್ ಮೊದಲ ವಾರ ತಾಲೂಕಿನ ಯಾವುದೇ ಬ್ಯಾಂಕಿನ ಪಾಸ್‌ಬುಕ್ ಕೌಂಟರ್ ಹತ್ತಿರ ಹತ್ತು ನಿಮಿಷ ನಿಂತರೆ ಸಾಕು, ಈ ಮಾತು ಕೇಳಿಸುತ್ತದೆ. ‘ಸಾರ್, ನಾನು ದುಡ್ಡೇ ತೆಗೆದಿಲ್ಲ, 436 ರೂಪಾಯಿ ಯಾರು ತಗೊಂಡ್ರು?’ ಕೌಂಟರ್‌ನಿಂದ ಬರೋ ಉತ್ತರವೂ ಹೆಚ್ಚುಕಮ್ಮಿ ಒಂದೇ: ‘ನೀವೇ ಸೈನ್ ಹಾಕಿದೀರಲ್ಲಮ್ಮ, ಇನ್ಶೂರೆನ್ಸ್ ಅದು.’ ಯಾವಾಗ ಹಾಕಿದ್ದು, ಯಾವುದಕ್ಕೆ ಹಾಕಿದ್ದು ಅನ್ನೋದು ಮನೆಯಲ್ಲಿ ಯಾರಿಗೂ ನೆನಪಿರೋದಿಲ್ಲ. ಹಿಂದೆ ನಿಂತವರು ತಳ್ಳುತ್ತಿರುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಹೀಗೆ ಒಂದು ಸಲ ಒಪ್ಪಿಗೆ ಕೊಟ್ಟರೆ, ನಿಲ್ಲಿಸು ಅನ್ನೋವರೆಗೆ ತಾನಾಗೇ ನಡೆಯುವ ವ್ಯವಸ್ಥೆಗೆ ಇಂಗ್ಲಿಷಿನಲ್ಲಿ ಸ್ಟ್ಯಾಂಡಿಂಗ್ ಆರ್ಡರ್ ಎನ್ನುತ್ತಾರೆ. ನಮ್ಮ ಬ್ಯಾಂಕುಗಳಲ್ಲಿ ‘ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್’ ಅಥವಾ ಚಿಕ್ಕದಾಗಿ ‘ಎಸ್‌ಐ’, ಮೊಬೈಲ್‌ನಲ್ಲಿ ‘ಆಟೋ ಪೇ’, ಸರ್ಕಾರಿ ಕಾಗದದಲ್ಲಿ ‘ಸ್ಥಾಯಿ ಆದೇಶ’. ಹೆಸರು ಬೇರೆ ಬೇರೆಯಾದರೂ ಸ್ವಭಾವ ಒಂದೇ.

ವರ್ತನೆ ಹಾಲಿನ ಲೆಕ್ಕ

ಹಳೇ ಮೈಸೂರು ಕಡೆಯವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮನೆಗೆ ವರ್ತನೆ ಹಾಲು, ವರ್ತನೆ ಹೂವು ಹಾಕಿಸಿಕೊಂಡವರಿಗೆ ಗೊತ್ತು. ಮೊದಲ ದಿನ ‘ದಿನಾ ಅರ್ಧ ಲೀಟರ್ ಹಾಕಪ್ಪ’ ಅಂದರೆ ಆಯಿತು, ಮಾರನೇ ದಿನದಿಂದ ಕೇಳುವ ಮಾತಿಲ್ಲ. ಊರಿಗೆ ಹೋಗುವಾಗ ‘ನಾಲ್ಕು ದಿನ ಬೇಡ’ ಅಂತ ಹೇಳೋದು ಮನೆಯವರ ಜವಾಬ್ದಾರಿ. ಹೇಳದೆ ಹೋದರೆ ಹಾಲು ಬಾಗಿಲಲ್ಲಿ ಒಡೆದು ಹೋಗುತ್ತೆ, ತಿಂಗಳ ಕೊನೆಗೆ ಅದರ ದುಡ್ಡೂ ಕೊಡಬೇಕು.

ಅಂಗಡಿಯವರ ಪಿಗ್ಮಿಯೂ ಇದೇ ಜಾತಿ. 1928ರಲ್ಲಿ ಕರಾವಳಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಸಂಗ್ರಹಿಸುವ ಪಿಗ್ಮಿ ಠೇವಣಿ ಶುರು ಮಾಡಿತು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಅನ್ನೋ ಪದ ಮಾತ್ರ ಎಲ್ಲ ಸೊಸೈಟಿಗಳಲ್ಲೂ ಉಳಿದುಕೊಂಡಿದೆ. ಪಿಗ್ಮಿಯಲ್ಲಿ ಒಂದು ಅನುಕೂಲವಿತ್ತು. ವ್ಯಾಪಾರ ಆಗದ ದಿನ ‘ಇವತ್ತು ಬೋಣಿಗೇನೇ ಆಗಿಲ್ಲ, ನಾಳೆ ಬಾ’ ಅನ್ನಬಹುದಿತ್ತು. ಕಂಪ್ಯೂಟರ್‌ಗೆ ಆ ಮಾತು ಅರ್ಥವಾಗೋದಿಲ್ಲ.

ಬೀಗದ ಕೈ ಯಾರ ಹತ್ತಿರ?

ಇಲ್ಲಿ ಒಂದು ವ್ಯತ್ಯಾಸ ಸರಿಯಾಗಿ ತಿಳಿದುಕೊಳ್ಳಬೇಕು. ಬಹುತೇಕ ಜಗಳಗಳು ಇದು ಗೊತ್ತಿಲ್ಲದೆ ಆಗುವಂಥವು.

ಎಸ್‌ಐ ಅಂದರೆ ಗ್ರಾಹಕ ತನ್ನ ಬ್ಯಾಂಕಿಗೆ ತಾನೇ ಕೊಡುವ ಅಪ್ಪಣೆ. ‘ಪ್ರತಿ ತಿಂಗಳು 10ನೇ ತಾರೀಖು ನನ್ನ ಎಸ್‌ಬಿ ಖಾತೆಯಿಂದ 1,000 ರೂ. ಮಗಳ ಆರ್‌ಡಿಗೆ ಹಾಕಿ’ ಅಂತ ಬರೆದುಕೊಟ್ಟರೆ ಬ್ಯಾಂಕ್ ಆ ದಿನ ಅಷ್ಟೇ ಮೊತ್ತ ಕಳಿಸುತ್ತದೆ. ಮೊತ್ತ, ದಿನ, ಎಷ್ಟು ಕಾಲ ಎಲ್ಲವೂ ಖಾತೆದಾರನ ತೀರ್ಮಾನ. ಬದಲಿಸಬೇಕಾದರೆ ಅವನೇ ಬ್ಯಾಂಕಿಗೆ ಹೋಗಿ ಬದಲಿಸುತ್ತಾನೆ.

ಬೈಕ್ ಸಾಲ, ಫ್ರಿಜ್ ಸಾಲ, ಫೈನಾನ್ಸ್ ಕಂಪನಿ ಕಂತು ಇವೆಲ್ಲ ಹಾಗಲ್ಲ. ಅಲ್ಲಿ ಸಾಲಗಾರ ಸಹಿ ಹಾಕೋದು ‘ನ್ಯಾಚ್’ ಮ್ಯಾಂಡೇಟ್‌ಗೆ. ಹಿಂದೆ ಇಸಿಎಸ್ ಅಂತಿದ್ದದ್ದರ ಜಾಗಕ್ಕೆ ಬಂದಿರುವ ಈ ವ್ಯವಸ್ಥೆ ನಡೆಸೋದು ರಾಷ್ಟ್ರೀಯ ಪಾವತಿ ನಿಗಮ. ಇದರಲ್ಲಿ ದುಡ್ಡು ಕಳಿಸೋದು ಖಾತೆದಾರ ಅಲ್ಲ, ಎಳೆದುಕೊಳ್ಳೋದು ಕಂಪನಿ. ಅಂದರೆ ಗಲ್ಲಾಪೆಟ್ಟಿಗೆಯ ಇನ್ನೊಂದು ಕೀಲಿ ಅವರ ಕೈಗೆ ಕೊಟ್ಟ ಹಾಗೆ. ಪಾಸ್‌ಬುಕ್‌ನಲ್ಲಿ ‘ಎಸಿಎಚ್ ಡಿ’ ಅಂತ ಶುರುವಾಗುವ ಸಾಲುಗಳಿದ್ದರೆ ಅವು ಇದೇ.

ಕೀಲಿ ಕೊಡೋದು ತಪ್ಪಲ್ಲ, ಅದಿಲ್ಲದೆ ಇವತ್ತು ಸಾಲವೇ ಹುಟ್ಟೋದಿಲ್ಲ. ಎಷ್ಟರ ಮಟ್ಟಿಗೆ ಕೊಟ್ಟೆವು ಅನ್ನೋದು ಆ ಒಂದು ಹಾಳೆಯ ಫಾರ್ಮ್‌ನಲ್ಲಿದೆ. ಶೋರೂಮಿನಲ್ಲಿ ‘ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ’ ಅಂತ ಬೆರಳು ತೋರಿಸುವಾಗ ಅದನ್ನು ಓದೋರು ಕಡಿಮೆ. ಅದರಲ್ಲಿ ‘ಫಿಕ್ಸೆಡ್ ಅಮೌಂಟ್’, ‘ಮ್ಯಾಕ್ಸಿಮಮ್ ಅಮೌಂಟ್’ ಅಂತ ಎರಡು ಚೌಕ ಇರುತ್ತವೆ. ಫಿಕ್ಸೆಡ್ ಅಂದರೆ ಕಂತು ಎಷ್ಟೋ ಅಷ್ಟೇ. ಮ್ಯಾಕ್ಸಿಮಮ್‌ಗೆ ಗುರುತು ಹಾಕಿ 10,000 ಅಂತ ಬರೆದಿದ್ದರೆ, ಕಂತು 3,200 ರೂ. ಇದ್ದರೂ 10,000ದವರೆಗೆ ಎಷ್ಟು ಬೇಕಾದರೂ ಕೇಳಲು ದಾರಿ ತೆರೆದಿರುತ್ತದೆ. ಬಾಕಿ, ದಂಡ ಎಲ್ಲ ಸೇರಿಸಿ ಒಂದೇ ಸಲ ಎಳೆಯೋದು ಹೀಗೆ. ಇನ್ನೊಂದು ಖಾನೆ ‘ಎಷ್ಟು ಸಲ’ ಅನ್ನೋದು. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಅನ್ನೋದರ ಜೊತೆಗೆ ‘ಆ್ಯಸ್ ಆ್ಯಂಡ್ ವೆನ್ ಪ್ರೆಸೆಂಟೆಡ್’ ಅಂತಲೂ ಇರುತ್ತದೆ. ಅಚ್ಚಗನ್ನಡದಲ್ಲಿ ಹೇಳೋದಾದರೆ, ಅವರು ಕೇಳಿದಾಗಲೆಲ್ಲ. ಕೊನೆಯ ದಿನಾಂಕದ ಖಾನೆಯನ್ನೂ ನೋಡಬೇಕು. ಸಾಲ 24 ತಿಂಗಳದ್ದಾಗಿದ್ದರೆ ಮ್ಯಾಂಡೇಟ್ ಯಾಕೆ ಹತ್ತಿಪ್ಪತ್ತು ವರ್ಷಕ್ಕಿರಬೇಕು ಅಂತ ಕೇಳುವ ಹಕ್ಕು ಸಹಿ ಹಾಕುವವರಿಗಿದೆ. ಹಳೇ ಫಾರ್ಮ್‌ಗಳಲ್ಲಿ ‘ರದ್ದು ಮಾಡುವವರೆಗೆ’ ಅನ್ನೋ ಚೌಕವೂ ಇತ್ತು.

ಖಾಲಿ ಫಾರ್ಮ್‌ಗೆ ಸಹಿ ಹಾಕಿ ‘ಆಮೇಲೆ ತುಂಬ್ಕೊಳ್ಳಿ’ ಅನ್ನೋದು ಖಾಲಿ ಚೆಕ್ ಕೊಟ್ಟಂತೆಯೇ. ಸಹಿ ಮಾಡಿದ ಫಾರ್ಮ್‌ನ ಒಂದು ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಮುಂದೆ ಬಹಳ ಮಾತು ಉಳಿಯುತ್ತದೆ. ಪ್ರತಿ ಮ್ಯಾಂಡೇಟ್‌ಗೂ 20 ಅಕ್ಷರ-ಅಂಕಿಗಳ ಒಂದು ನಂಬರ್ ಇರುತ್ತದೆ, ಅದಕ್ಕೆ ‘ಯುಎಂಆರ್‌ಎನ್’ ಎನ್ನುತ್ತಾರೆ. ಬ್ಯಾಂಕಿನಲ್ಲಿ ‘ಆ ಕಂಪನಿ ಕಟ್ ಮಾಡ್ತಿದೆ’ ಅಂತ ಹೇಳೋದಕ್ಕಿಂತ ಈ ನಂಬರ್ ಕೊಟ್ಟರೆ ಕೆಲಸ ಬೇಗ.

60 ರೂಪಾಯಿ ಕಮ್ಮಿ ಬಿದ್ದಾಗ

ಒಂದು ಲೆಕ್ಕ ನೋಡೋಣ. ಕಂತು 4,850 ರೂ. ಖಾತೆಯಲ್ಲಿ 4,790 ಇದೆ. ಇದ್ದಷ್ಟು ತಗೊಂಡು 60 ರೂ. ಬಾಕಿ ಅಂತ ಬರೆದುಕೊಳ್ಳುವ ಪದ್ಧತಿ ನ್ಯಾಚ್‌ನಲ್ಲಿಲ್ಲ. ಪೂರ್ತಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ವಾಪಸ್. ವಾಪಸ್ ಆದದ್ದಕ್ಕೆ ಬ್ಯಾಂಕ್ ಚಾರ್ಜ್ 250 ರೂ. ಅಂದುಕೊಂಡರೆ ಶೇ. 18 ಜಿಎಸ್‌ಟಿ ಸೇರಿ 295. ಸಾಲ ಕೊಟ್ಟ ಕಂಪನಿ ತನ್ನ ಬೌನ್ಸ್ ಚಾರ್ಜ್ ಬೇರೆ ಹಾಕುತ್ತದೆ, ಅದು 400 ಅಂದುಕೊಂಡರೂ ಒಟ್ಟು 695. ಎರಡು ದಿನ ಬಿಟ್ಟು ಕಂಪನಿ ಮತ್ತೆ ಎಳೆಯೋಕೆ ನೋಡಿ ಮತ್ತೆ ವಾಪಸ್ ಆದರೆ ಬ್ಯಾಂಕಿನ 295 ಇನ್ನೊಂದು ಸಲ. 60 ರೂಪಾಯಿಗೆ ಹೆಚ್ಚುಕಮ್ಮಿ ಸಾವಿರ ಹೋಗುತ್ತದೆ. ಚಾರ್ಜ್ ಎಷ್ಟು ಅನ್ನೋದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಇದು ಲೆಕ್ಕಕ್ಕೆ ಹಿಡಿದ ಉದಾಹರಣೆ ಮಾತ್ರ.

ಈ ಚಾರ್ಜ್ ಆಗಲೇ ಕಟ್ ಆಗಬೇಕೆಂದಿಲ್ಲ. ಖಾತೆಯಲ್ಲಿ ಇಲ್ಲದಿದ್ದರೆ ಬಾಕಿ ನಿಂತು, ಮುಂದೆ ಗೃಹಲಕ್ಷ್ಮಿಯ 2,000ವೋ ಡೇರಿ ಬಟವಾಡೆಯೋ ಪಿಂಚಣಿಯೋ ಬಂದ ಕ್ಷಣ ಅದರಿಂದ ಹೋಗುತ್ತದೆ. ‘ದುಡ್ಡು ಬಂತು ಅಂತ ಮೆಸೇಜ್ ಬಂತು, ಹೋಗಿ ನೋಡಿದ್ರೆ ಇಲ್ಲ’ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಹಾಗಾಗಿ ಇಂತಿಷ್ಟೇ ತಾರೀಖಿಗೆ ಬರುತ್ತೆ ಅನ್ನೋ ಖಾತ್ರಿ ಇಲ್ಲದ ದುಡ್ಡಿನ ಖಾತೆಗೆ ಕಂತು ಜೋಡಿಸೋದು ಬುದ್ಧಿವಂತಿಕೆ ಅಲ್ಲ. ಸರ್ಕಾರದ ಹಣ ಬರುವ ಖಾತೆ ಒಂದು, ಕಂತು ಹೋಗುವ ಖಾತೆ ಇನ್ನೊಂದು ಇದ್ದರೆ ಒಳ್ಳೆಯದು.

ಅಂಗಡಿಯವರು ಇನ್ನೊಂದು ಕಡೆ ಸಿಕ್ಕಿಬೀಳುತ್ತಾರೆ. ಮೊದಲೆಲ್ಲ 5ನೇ ತಾರೀಖು ಭಾನುವಾರ ಬಿದ್ದರೆ ಕಂತು ಸೋಮವಾರ ಹೋಗುತ್ತಿತ್ತು, ಬೆಳಗ್ಗೆ ಕ್ಯಾಶ್ ಕಟ್ಟಿದರೆ ನಡೆಯುತ್ತಿತ್ತು. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ, ಹಬ್ಬಕ್ಕೂ ರಜೆ ಇಲ್ಲ. ಶನಿವಾರದ ಸಂತೆ ದುಡ್ಡು ಗಲ್ಲಾದಲ್ಲೇ ಇದ್ದು, ಭಾನುವಾರ ಬೆಳಗ್ಗೆ ಕಂತು ಬೌನ್ಸ್ ಆದ ಉದಾಹರಣೆ ಯಾವ ಪೇಟೆಯಲ್ಲಿ ಕೇಳಿದರೂ ಸಿಗುತ್ತದೆ.

ಬೌನ್ಸ್ ಅನ್ನೋದು ಬರೀ ಚಾರ್ಜ್‌ಗೆ ಮುಗಿಯೋದೂ ಇಲ್ಲ. ಚೆಕ್ ಬೌನ್ಸ್‌ಗೆ 138ನೇ ಕಲಂ ಇರುವಂತೆ, ಇದಕ್ಕೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಇದೆ. ನೋಟಿಸ್ ಬಂದ 15 ದಿನದೊಳಗೆ ಕಟ್ಟದಿದ್ದರೆ ಕೇಸು ಹಾಕಬಹುದು, ಶಿಕ್ಷೆ ಎರಡು ವರ್ಷದವರೆಗೆ ಜೈಲು ಅಥವಾ ಮೊತ್ತದ ಎರಡರಷ್ಟು ದಂಡ ಅಥವಾ ಎರಡೂ. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬಂದ ನೋಟಿಸನ್ನು ಒಡೆಯದೆ ಇಟ್ಟುಕೊಳ್ಳೋರು ಇದನ್ನು ಗಮನಿಸಬೇಕು.

436 ರೂಪಾಯಿ ಕಟ್ ಆಗದಿದ್ದರೆ ಏನಾಗುತ್ತೆ

ಈಗ ಮೊದಲಿನ ಪ್ರಶ್ನೆಗೆ. ಆ 436 ರೂ. ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯ ವರ್ಷದ ಕಂತು. ಪಕ್ಕದಲ್ಲೇ 20 ರೂ. ಕಟ್ ಆಗಿದ್ದರೆ ಅದು ಸುರಕ್ಷಾ ಬಿಮಾ, ಅಪಘಾತದ್ದು. 2015ರಲ್ಲಿ ಶುರುವಾದಾಗ ಇವು 330 ಮತ್ತು 12 ರೂ. ಇದ್ದವು, 2022ರ ಜೂನ್ 1ರಿಂದ ಈಗಿನ ದರ. ಜೀವನ್ ಜ್ಯೋತಿಯಲ್ಲಿ ಯಾವ ಕಾರಣಕ್ಕೆ ಸಾವಾದರೂ 2 ಲಕ್ಷ, ಸುರಕ್ಷಾದಲ್ಲಿ ಅಪಘಾತದ ಸಾವಿಗೆ 2 ಲಕ್ಷ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಅದಕ್ಕೇ ಮೇ ಕೊನೆಯಲ್ಲಿ ದುಡ್ಡು ಕಟ್ ಆಗೋದು.

‘ಸುಮ್ನೆ ಕಟ್ ಮಾಡ್ತಾರೆ’ ಅಂತ ಬೈಯುವವರ ಕಷ್ಟ ಅರ್ಥವಾಗುವಂಥದ್ದೇ. ಫಾರ್ಮ್ ತುಂಬಿಸುವಾಗ ಯಾರೂ ಕುಳಿತು ವಿವರಿಸಿರೋದಿಲ್ಲ. ಆದರೆ ನಿಜವಾದ ಅಪಾಯ ದುಡ್ಡು ಕಟ್ ಆದಾಗ ಅಲ್ಲ, ಕಟ್ ಆಗದೆ ಇದ್ದಾಗ. ಮೇ ಕೊನೆಯಲ್ಲಿ ಖಾತೆಯಲ್ಲಿ 300 ರೂ. ಇದ್ದರೆ ಕಂತು ಹೋಗೋದಿಲ್ಲ, ಮನೆಗೆ ಬಂದು ಹೇಳೋರೂ ಇಲ್ಲ. ಜೂನ್ 1ರಿಂದ ವಿಮೆ ಇಲ್ಲ. ಜುಲೈನಲ್ಲಿ ಮನೆ ಯಜಮಾನ ತೀರಿಕೊಂಡರೆ, ಏಳೆಂಟು ವರ್ಷ ಸತತವಾಗಿ ಕಟ್ಟಿದ್ದರೂ ಕುಟುಂಬಕ್ಕೆ ಬಿಡಿಗಾಸು ಬರೋದಿಲ್ಲ. ಬಿಟ್ಟುಹೋದವರು ಮತ್ತೆ ಸೇರಬಹುದು, ಆದರೆ ಸೇರಿದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾರಣದ ಸಾವಿಗೆ ಪರಿಹಾರ ಸಿಗೋದಿಲ್ಲ.

ಇದರ ಉಲ್ಟಾ ತೊಂದರೆಯೂ ಇದೆ. ಒಬ್ಬರೇ ಮೂರು ಬ್ಯಾಂಕಿನಲ್ಲಿ ಖಾತೆ ತೆರೆದು ಮೂರೂ ಕಡೆ ಸಹಿ ಹಾಕಿದ್ದರೆ ಮೂರು ಸಲ 436 ಹೋಗುತ್ತದೆ. 6 ಲಕ್ಷ ಸಿಗಬಹುದು ಅನ್ನೋ ಲೆಕ್ಕ ತಪ್ಪು. ಒಬ್ಬರಿಗೆ ಒಂದೇ ವಿಮೆ, 2 ಲಕ್ಷ ಮಾತ್ರ. ಹೆಚ್ಚುವರಿ ಕಟ್ಟಿದ ಕಂತು ಮುಟ್ಟುಗೋಲಾಗುತ್ತದೆ. ಬಳಕೆ ಹೆಚ್ಚಿರುವ ಖಾತೆಯಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕ ಎರಡನ್ನು ಬ್ಯಾಂಕಿಗೆ ಬರೆದುಕೊಟ್ಟು ನಿಲ್ಲಿಸೋದೇ ಸರಿ.

ಅಟಲ್ ಪಿಂಚಣಿಯದ್ದೂ ಇದೇ ದಾರಿ. 18ನೇ ವಯಸ್ಸಿಗೆ ಸೇರಿ 5,000 ರೂ. ಪಿಂಚಣಿ ಆರಿಸಿದವರಿಗೆ ತಿಂಗಳಿಗೆ 210, 40ಕ್ಕೆ ಸೇರಿದವರಿಗೆ 1,454 ಕಟ್ ಆಗುತ್ತಾ ಇರುತ್ತದೆ.

ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮೊದಲು ತೆಗೆಯಬೇಕಾದ್ದು ಅವರ ಪಾಸ್‌ಬುಕ್. ಎಂಟ್ರಿ ಹಾಕಿಸಿ ಹಿಂದಿನ ಮೇ ಸಾಲುಗಳಲ್ಲಿ 436 ಅಥವಾ 20 ಇದೆಯಾ ನೋಡಬೇಕು. ವಿಮೆ ಇತ್ತು ಅನ್ನೋದೇ ಗೊತ್ತಿಲ್ಲದೆ ಕ್ಲೇಮ್ ಕೇಳದ ಮನೆಗಳು ಇವೆ.

ಮೊಬೈಲ್ ಆಟೋ ಪೇ, ಸೌಂಡ್ ಬಾಕ್ಸ್

ಸಿನಿಮಾ ಆ್ಯಪ್, ಹಾಡಿನ ಆ್ಯಪ್‌ಗಳು ‘ಒಂದು ರೂಪಾಯಿಗೆ ಮೊದಲ ತಿಂಗಳು’ ಅಂದಾಗ ಒತ್ತುವ ಬಟನ್ ಕೂಡ ಮ್ಯಾಂಡೇಟೇ. ಯುಪಿಐ ಆಟೋ ಪೇ ಬಂದದ್ದು 2020ರ ಜುಲೈನಲ್ಲಿ. ಕಾರ್ಡ್ ಮತ್ತು ಯುಪಿಐಗೆ ರಿಸರ್ವ್ ಬ್ಯಾಂಕ್ ಕೆಲವು ಕಟ್ಟುಪಾಡು ಹಾಕಿದೆ. ಶುರುವಿನಲ್ಲಿ ಪಿನ್ ಅಥವಾ ಒಟಿಪಿ ಕಡ್ಡಾಯ. ಕಟ್ ಆಗುವ 24 ಗಂಟೆ ಮೊದಲು ಸಂದೇಶ ಬರಬೇಕು. 15,000 ರೂ. ಮೀರಿದರೆ ಪ್ರತಿ ಸಲವೂ ಹೊಸದಾಗಿ ಒಪ್ಪಿಗೆ ಬೇಕು, ವಿಮೆ ಕಂತು, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್‌ಗೆ ಮಾತ್ರ ಈ ಮಿತಿ 1 ಲಕ್ಷ. ಆ 24 ಗಂಟೆಯ ಮೆಸೇಜ್ ಇಂಗ್ಲಿಷಿನಲ್ಲಿರುತ್ತೆ, ಜಾಹೀರಾತು ಅಂತ ಅಳಿಸಿಬಿಡುತ್ತಾರೆ. ನಿಲ್ಲಿಸೋಕೆ ಅದೇ ಒಳ್ಳೆಯ ಸಮಯ. ಸಾಲದ ನ್ಯಾಚ್‌ಗೆ ಈ ನಿಯಮಗಳು ಅನ್ವಯಿಸೋದಿಲ್ಲ, ಅದನ್ನು ನೆನಪಿಡಬೇಕು.

ಅಂಗಡಿಯವರ ಸೌಂಡ್ ಬಾಕ್ಸ್ ಬಾಡಿಗೆಯ ವಿಚಾರ ಸ್ವಲ್ಪ ಬೇರೆ. ಕೆಲವು ಕಡೆ ಅದು ಖಾತೆಯಿಂದ ಆಟೋ ಪೇ ಆಗಿ ಹೋಗುತ್ತದೆ, ಪಾಸ್‌ಬುಕ್‌ನಲ್ಲಿ ಕಾಣುತ್ತದೆ. ಇನ್ನು ಕೆಲವು ಕಡೆ ದಿನದ ಕಲೆಕ್ಷನ್‌ನಲ್ಲೇ ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. ಆಗ ಪಾಸ್‌ಬುಕ್‌ನಲ್ಲಿ ‘ಕಟ್’ ಅಂತ ಯಾವ ಸಾಲೂ ಇರೋದಿಲ್ಲ, ಬಂದ ಮೊತ್ತವೇ ಕಮ್ಮಿ ಇರುತ್ತೆ ಅಷ್ಟೆ. ಆ್ಯಪ್ ಮೂಲಕ ತಗೊಂಡ ವ್ಯಾಪಾರಿ ಸಾಲದ ದಿನದ ಕಂತೂ ಹೀಗೇ ಹೋಗುತ್ತದೆ. ಕಲೆಕ್ಷನ್ ಮೊತ್ತಕ್ಕೂ ಖಾತೆಗೆ ಬಿದ್ದ ಮೊತ್ತಕ್ಕೂ ವಾರಕ್ಕೊಮ್ಮೆಯಾದರೂ ತಾಳೆ ನೋಡದಿದ್ದರೆ ಇದು ಗೊತ್ತೇ ಆಗೋದಿಲ್ಲ. ಬಾಕ್ಸ್ ಕೆಟ್ಟು ಮೂಲೆ ಸೇರಿದರೂ ಬಾಡಿಗೆ ನಿಲ್ಲೋದಿಲ್ಲ, ವಾಪಸ್ ಕೊಟ್ಟು ರಸೀದಿಯೋ ಮೆಸೇಜೋ ಪಡೆಯಬೇಕು.

ನಿಲ್ಲಿಸೋದು ಹೇಗೆ

ಯುಪಿಐ ಆ್ಯಪ್‌ನಲ್ಲಿ ‘ಆಟೋ ಪೇ’ ಅಥವಾ ‘ಮ್ಯಾಂಡೇಟ್’ ಅನ್ನೋ ಜಾಗಕ್ಕೆ ಹೋದರೆ ಪಟ್ಟಿ ಸಿಗುತ್ತದೆ, ಹೆಚ್ಚಿನವನ್ನು ಅಲ್ಲೇ ರದ್ದು ಮಾಡಬಹುದು. ಆ್ಯಪನ್ನು ಮೊಬೈಲ್‌ನಿಂದ ಅಳಿಸಿದರೆ ಮ್ಯಾಂಡೇಟ್ ಹೋಗೋದಿಲ್ಲ. ಹಾಲಿನವನ ನಂಬರ್ ಡಿಲೀಟ್ ಮಾಡಿದರೆ ಹಾಲು ನಿಲ್ಲುತ್ತಾ? ಹಾಗೇ.

ನ್ಯಾಚ್ ಫಾರ್ಮ್‌ನ ಮೇಲ್ಭಾಗದಲ್ಲಿ ‘ಕ್ರಿಯೇಟ್’, ‘ಮಾಡಿಫೈ’, ‘ಕ್ಯಾನ್ಸಲ್’ ಅಂತ ಮೂರು ಚೌಕ ಇರುತ್ತವೆ. ಸಾಲ ತೀರಿದ ದಿನ ಎನ್‌ಒಸಿ ಕೇಳುವ ಹಾಗೇ ಮ್ಯಾಂಡೇಟ್ ಕ್ಯಾನ್ಸಲ್ ಆಗಿದ್ದಕ್ಕೂ ಕಾಗದ ಕೇಳಬೇಕು, ಒಂದು ಪ್ರತಿ ತಮ್ಮ ಬ್ಯಾಂಕಿಗೂ ಕೊಡಬೇಕು. ಸಾಲ ಇನ್ನೂ ಬಾಕಿ ಇರುವಾಗ ಮ್ಯಾಂಡೇಟ್ ನಿಲ್ಲಿಸಿದರೆ ಕಟ್ ಆಗೋದು ನಿಲ್ಲಬಹುದು, ಸಾಲ ನಿಲ್ಲೋದಿಲ್ಲ. ಸಿಬಿಲ್ ಕೆಡುತ್ತದೆ.

ತಪ್ಪಾಗಿ ಕಟ್ ಆಗಿದ್ದರೆ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು, ನಕಲಿನ ಮೇಲೆ ಸೀಲು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ, ಶುಲ್ಕ ಇಲ್ಲ. ಮೋಸದಿಂದ ಹೋದ ದುಡ್ಡಾದರೆ ಕಾಯಬಾರದು, ಕೂಡಲೇ 1930ಕ್ಕೆ ಕರೆ ಮಾಡಿ ಬ್ಯಾಂಕಿಗೂ ತಿಳಿಸಬೇಕು.

ಕಚೇರಿಯ ‘ಆದೇಶ ಇದೆ’

ಬ್ಯಾಂಕಿನಾಚೆಗೂ ಈ ಪದ ಓಡಾಡುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಸ್ಥಾಯಿ ಆದೇಶ ಅಂದರೆ ಪಾಳಿ, ರಜೆ, ಶಿಸ್ತುಕ್ರಮ, ಕೆಲಸದಿಂದ ತೆಗೆಯುವ ವಿಧಾನದ ನಿಯಮಗಳು. 1946ರ ಕಾಯ್ದೆ ಇವನ್ನು ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬರೆದು ಗೇಟಿನ ಹತ್ತಿರ ಹಾಕಬೇಕು ಅನ್ನುತ್ತಿತ್ತು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದು, ಈಗ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಇದು ಕಡ್ಡಾಯ. ವಿಚಾರಣೆ ಬಾಕಿ ಇಟ್ಟು ಸಸ್ಪೆಂಡ್ ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ಮುಕ್ಕಾಲು ಕೊಡಬೇಕೆಂಬ ನಿಯಮ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಇದು ಗೊತ್ತಿರಬೇಕಾದ್ದು.

ಪೇಟೆಯವರಿಗೆ ಗೊಂದಲ ಆಗೋದು ಇನ್ನೊಂದು ಕಡೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತೆಂದರೆ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿ ಬಂದ್. ಇದು ಸ್ಥಾಯಿ ಆದೇಶ ಅಲ್ಲ. ಹಿಂದಿನ 144ನೇ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಇದರಡಿ ಮ್ಯಾಜಿಸ್ಟ್ರೇಟರು ಹೊರಡಿಸಿದ ಆದೇಶಕ್ಕೆ ಆಯುಸ್ಸು ಹೆಚ್ಚೆಂದರೆ ಎರಡು ತಿಂಗಳು, ಅದಕ್ಕೂ ಮೀರಿ ಮುಂದುವರಿಸಲು ರಾಜ್ಯ ಸರ್ಕಾರವೇ ಆದೇಶ ಮಾಡಬೇಕು. ಪರೀಕ್ಷೆಯ ಆದೇಶದಲ್ಲಂತೂ ದಿನ, ಗಂಟೆ ಎರಡೂ ಬರೆದಿರುತ್ತದೆ, ಮಧ್ಯಾಹ್ನದ ಮೇಲೂ ಬಾಗಿಲು ಹಾಕಿಸುವುದಿದ್ದರೆ ಆ ಸಾಲು ತೋರಿಸಿ ಅಂತ ಕೇಳಬಹುದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧ ಹಾಗಲ್ಲ. 2022ರ ಜುಲೈ 1ರಿಂದ ಅದು ನಿರಂತರ. ‘ಮೊನ್ನೆ ರೈಡ್ ಆಯ್ತಲ್ಲ, ಇನ್ನು ಆರು ತಿಂಗಳು ಬರಲ್ಲ’ ಅನ್ನೋ ಲೆಕ್ಕ ಅಲ್ಲಿ ನಡೆಯೋದಿಲ್ಲ.

ತಾಲೂಕು ಕಚೇರಿ, ನಾಡಕಚೇರಿ, ಪಟ್ಟಣ ಪಂಚಾಯಿತಿಯಲ್ಲಿ ‘ಮೇಲಿಂದ ಆದೇಶ ಇದೆ, ಆಗಲ್ಲ’ ಅಂದಾಗ ಕೇಳಬೇಕಾದ್ದು ಎರಡೇ: ಆದೇಶದ ಸಂಖ್ಯೆ, ದಿನಾಂಕ. ಆದೇಶ ನಿಜವಾಗಿದ್ದರೆ ಎರಡೂ ಇರುತ್ತವೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಕಚೇರಿಗಳು ತಾವು ಪಾಲಿಸುವ ನಿಯಮ, ಸೂಚನೆ, ಕೈಪಿಡಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲ, ತೋರಿಸೋದೂ ಇಲ್ಲ ಅಂದರೆ 10 ರೂ. ಶುಲ್ಕದ ಅರ್ಜಿ ಹಾಕಬಹುದು, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಕಚೇರಿ 30 ದಿನದಲ್ಲಿ ಉತ್ತರ ಕೊಡಬೇಕು.